ಬೀದರಿನ ಬಯಲಿಗೆ ಕ್ಯಾನನ್ ಟಿಎಸ್-ಇ 17 ಎಂಎಂ: ಟಿಲ್ಟ್‌ಗಿಂತ ಶಿಫ್ಟ್‌ಗೇ ಕೆಲಸ ಹೆಚ್ಚು

ಫೋಕಸ್ ತಲವನ್ನು ಓರೆಯಾಗಿಸಲು ಬಾಗುವ (ಟಿಲ್ಟ್), ಕ್ಯಾಮೆರಾ ಅಲುಗದೆ ಮೇಲೆ ಕೆಳಗೆ, ಅಕ್ಕಪಕ್ಕಕ್ಕೆ ಸರಿಯುವ (ಶಿಫ್ಟ್) ಟಿಲ್ಟ್-ಶಿಫ್ಟ್ ಲೆನ್ಸ್ ಎಂದರೆ ಮೊದಲು ಕಣ್ಣಿಗೆ ಬರುವುದು ಕಾಲಬುಡದ ಮರಳಿನಿಂದ ದಿಗಂತದವರೆಗೆ ಎಲ್ಲವೂ ಶಾರ್ಪ್ ಆಗಿರುವ ಮರುಭೂಮಿಯ ಚಿತ್ರ. ಆದರೆ 17 ಎಂಎಂನಷ್ಟು ಅಗಲ ನೋಟದ ಲೆನ್ಸಿನಲ್ಲಿ ಅದಕ್ಕೆ ಟಿಲ್ಟ್ ಬೇಕಾಗುವುದೇ ಅಪರೂಪ. ಫುಲ್ ಫ್ರೇಮ್ (36×24 ಎಂಎಂ ಸೆನ್ಸರ್) ಕ್ಯಾಮೆರಾದಲ್ಲಿ ಅಪರ್ಚರ್ ಎಫ್/11 ಇಟ್ಟು 90 ಸೆಂ.ಮೀ.ಗೆ ಫೋಕಸ್ ಮಾಡಿ. ಸುಮಾರು 45 ಸೆಂ.ಮೀ.ಯಿಂದ ಆಚೆಗಿನದೆಲ್ಲ ಸಾಕಷ್ಟು ಶಾರ್ಪ್ ಬರುತ್ತದೆ. ಹಾಗಾಗಿ 2009ರಲ್ಲಿ ಬಂದ, 820 ಗ್ರಾಂ ತೂಕದ ಈ ಲೆನ್ಸನ್ನು ಬೀದರ್ ಕಡೆಯವರು ಕೊಳ್ಳುವುದಾದರೆ ಶಿಫ್ಟ್‌ಗಾಗಿ ಕೊಳ್ಳಬೇಕು.

ಮಹಮೂದ್ ಗವಾನ್ ಮದರಸಾವನ್ನೇ ನೋಡಿ. ಉಳಿದಿರುವ ಮಿನಾರ್ ಸುಮಾರು 40 ಮೀಟರ್ ಎತ್ತರ. ಕ್ಯಾಮೆರಾ ಮೇಲಕ್ಕೆತ್ತಿದರೆ ಅದು ಹಿಂದಕ್ಕೆ ವಾಲುತ್ತದೆ. ಅಡ್ಡ ಫ್ರೇಮಿನಲ್ಲಿ ಕ್ಯಾಮೆರಾ ಸಮತಲವಾಗಿಟ್ಟು ತುದಿಯವರೆಗೆ ಹಿಡಿಯಲು ಶಿಫ್ಟ್ ಇಲ್ಲದೆ 55 ಮೀಟರ್ ಹಿಂದೆ ಸರಿಯಬೇಕು. 12 ಎಂಎಂ ಮೇಲಕ್ಕೆ ಶಿಫ್ಟ್ ಮಾಡಿದರೆ 28 ಮೀಟರ್ ಸಾಕು, ಗೆರೆಗಳೂ ನೆಟ್ಟಗೆ ನಿಲ್ಲುತ್ತವೆ. ಆದರೆ ಪೂರ್ತಿ ಶಿಫ್ಟ್‌ನಲ್ಲಿ ಅಂಚು ಮೆತ್ತಗಾಗಿ ಕಪ್ಪಡರುತ್ತದೆ. 8–9 ಎಂಎಂನಲ್ಲಿ ಮುಗಿಯುವ ಹಾಗೆ ಜಾಗ ಹುಡುಕಿ, ಎಫ್/8ರಿಂದ ಎಫ್/11ರೊಳಗೆ ಇರಿ. ಭಾರತೀಯ ಪುರಾತತ್ವ ಇಲಾಖೆಯ (ಎಎಸ್‌ಐ) ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಪಡೆಯಿರಿ.

ಬೀದರ್ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲಿಗೆ ಅಡ್ಡ ಶಿಫ್ಟ್ ಬಳಸಿ. ಎಡಕ್ಕೆ 12 ಎಂಎಂ, ನಡುವೆ ಸೊನ್ನೆ, ಬಲಕ್ಕೆ 12 ಎಂಎಂ: ಮೂರು ಫ್ರೇಮ್ ಜೋಡಿಸಿದರೆ ಸುಮಾರು 120 ಡಿಗ್ರಿ ನೋಟ ಸಿಗುತ್ತದೆ. ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿರಲಿ, ಡಿಎಸ್‌ಎಲ್‌ಆರ್ ಆದರೆ ಶಿಫ್ಟ್ ಮಾಡುವ ಮುನ್ನವೇ ಮೀಟರ್ ನೋಡಿ, ಆಮೇಲೆ ಅದು ತಪ್ಪು ಹೇಳುತ್ತದೆ. ಮುಂದೆ ಕಲ್ಲು, ಗೋರಿ ಹತ್ತಿರವಿದ್ದರೆ ಜೋಡಣೆ ಕೂಡುವುದಿಲ್ಲ, ಏಕೆಂದರೆ ಶಿಫ್ಟ್‌ನಲ್ಲಿ ಲೆನ್ಸ್ ತಾನೇ ಜಾಗ ಬದಲಿಸುತ್ತದೆ. ಲೆನ್ಸ್ 12 ಎಂಎಂ ಬಲಕ್ಕೆ ಹೋದರೆ ಕ್ಯಾಮೆರಾವನ್ನು ಟ್ರೈಪಾಡ್‌ನ ಜಾರು ಪಟ್ಟಿಯ (ರೈಲ್) ಮೇಲೆ ಅಷ್ಟೇ ಎಡಕ್ಕೆ ಸರಿಸಬೇಕು. ಅಂಚಿಗೆ ಬಿದ್ದ ಗುಮ್ಮಟ ಕುಂಬಳಕಾಯಿಯ ಹಾಗೆ ಅಡ್ಡಕ್ಕೆ ಹಿಗ್ಗುತ್ತದೆ. ಅರ್ಧ ಕುಸಿದು ಒಳಗನ್ನು ತೋರಿಸುವ ಹುಮಾಯೂನ್ ಷಾನ ಗುಮ್ಮಟ ನಡುವಿನಲ್ಲಿದ್ದರೇ ಚೆಂದ.

ಟಿಲ್ಟ್ ನಿಜಕ್ಕೂ ಫಲ ಕೊಡುವುದು ಕಲಬುರಗಿ ಕಡೆಯ ಎರೆ ಹೊಲದಲ್ಲಿ. ತೊಗರಿ ಕಟಾವಾಗಿ ನೆಲ ಬಿರಿದಿರುವಾಗ ಕ್ಯಾಮೆರಾವನ್ನು ಅರ್ಧ ಮೀಟರ್ ಎತ್ತರಕ್ಕಿಳಿಸಿ, ಸುಮಾರು 2 ಡಿಗ್ರಿ ಮುಂದಕ್ಕೆ ಬಾಗಿಸಿ. ಒಂದೂವರೆ ಮೀಟರ್ ಎತ್ತರದಲ್ಲಾದರೆ ಬೇಕಿರುವುದು 0.65 ಡಿಗ್ರಿ ಮಾತ್ರ. ಸ್ಕೇಲ್ ನೋಡಿ ಅಷ್ಟು ಸಣ್ಣ ಬಾಗು ಹಿಡಿಯಲಾಗದು. ಪರದೆಯ ಮೇಲಿನ ಲೈವ್ ವ್ಯೂ ಹಿಗ್ಗಿಸಿ ದೂರದ ದಿಗಂತಕ್ಕೆ ಫೋಕಸ್ ಮಾಡಿ, ಹತ್ತಿರದ ಬಿರುಕು ನೋಡಿ. ಅದು ಮಸುಕಿದ್ದರೆ ಟಿಲ್ಟ್ ಕೂದಲೆಳೆಯಷ್ಟು ತಿರುಗಿಸಿ ಮತ್ತೆ ದೂರಕ್ಕೆ ಫೋಕಸ್. ಮೂರ್ನಾಲ್ಕು ಸುತ್ತಿಗೆ ಕೂಡುತ್ತದೆ. ಹತ್ತಿರದಲ್ಲೊಂದು ಜಾಲಿ ಗಿಡ ನಿಂತಿದ್ದರೆ ಟಿಲ್ಟ್ ಬಿಟ್ಟುಬಿಡಿ: ಶಾರ್ಪ್ ಇರುವ ಭಾಗ ಕ್ಯಾಮೆರಾದ ಬಳಿ ತೆಳ್ಳಗಿರುತ್ತದೆ, ಗಿಡದ ತುದಿ ಮಸುಕಾಗುತ್ತದೆ.

ಆಟೋಫೋಕಸ್ ಇಲ್ಲ. ಉಬ್ಬಿದ ಮುಂಗಾಜಿಗೆ ಫಿಲ್ಟರ್ ತಿರುಪಲು ಬರುವುದಿಲ್ಲ. ಕ್ಯಾನನ್ ಆರ್ ಸರಣಿಯ ಮಿರರ್‌ಲೆಸ್ ಇದ್ದವರಿಗೆ, ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರುವ ಕ್ಯಾನನ್‌ನ ಡ್ರಾಪ್-ಇನ್ ಫಿಲ್ಟರ್ ಅಡಾಪ್ಟರ್ ದಾರಿ ಮಾಡುತ್ತದೆ. ಫಿಲ್ಟರ್ ಬೇಕೇಬೇಕೆನ್ನುವ ಉಳಿದವರು 82 ಎಂಎಂ ತಿರುಪಿರುವ ಟಿಎಸ್-ಇ 24 ಎಂಎಂ II ನೋಡಲಿ.

ಜಂಬಿಟ್ಟಿಗೆಯ ಕೆಂಪು ಧೂಳು ಶಿಫ್ಟ್ ಜಾರುವ ಸಂದಿಯಲ್ಲಿ ಗೆರೆಯಾಗಿ ಕೂರುತ್ತದೆ, ಮರುಭೂಮಿಯ ಮರಳಿನಂತೆಯೇ. ಲೆನ್ಸನ್ನು ಸೊನ್ನೆಗೆ ತರುವ ಮೊದಲು ಮೆತ್ತನೆಯ ಬ್ರಷ್‌ನಿಂದ ಆ ಗೆರೆ ತೆಗೆಯಿರಿ. ಇಲ್ಲದಿದ್ದರೆ ನಾಬ್ ತಿರುಗಿಸಿದಾಗ ಕಣಗಳು ಒಳಗೆ ಸೇರಿ ಕರಕರ ಎನ್ನುತ್ತವೆ.