ಕೊಕ್ಕೆ ಕತ್ತಿ, ಮಚ್ಚು, ಮ್ಯಾಚೆಟೆ: ತೋಟಕ್ಕೆ ಯಾವುದು?

ಕಾಫಿ ತೋಟದ ಮರಗಸಿಗೆ (ನೆರಳು ಮರಗಳ ಕೊಂಬೆ ಕಡಿಯುವುದಕ್ಕೆ), ಬೇಲಿ ಸವರುವುದಕ್ಕೆ, ಒಲೆಗೆ ಸೌದೆ ಮಾಡುವುದಕ್ಕೆ ಈ ಮೂರನ್ನೂ ಬಳಸಿದ್ದೇನೆ. ಒಂದನ್ನೇ ಇಟ್ಟುಕೋ ಅಂದರೆ ನನ್ನ ಆಯ್ಕೆ ಕೊಕ್ಕೆ ಕತ್ತಿ.

ಮ್ಯಾಚೆಟೆ ಅಂದರೆ ಆನ್‌ಲೈನ್‌ನಲ್ಲಿ ಸಿಗುವ, 18 ಇಂಚಿನ ತೆಳು ಅಲಗು. ಲಂಟಾನ, ಹಸಿ ಬಳ್ಳಿ, ಎಳೆ ಗಿಡಗಳಿಗೆ ತುಂಬಾ ಚುರುಕು. ಎಷ್ಟು ಬೀಸಿದರೂ ಕೈ ಸೋಲುವುದಿಲ್ಲ. ಆದರೆ ತೋಳಿನ ದಪ್ಪದ ಒಣ ಕೊಂಬೆಗೆ ಹಾಕಿದರೆ ಅಲಗು ಅದುರುತ್ತದೆ, ಆ ಪೆಟ್ಟು ಮೊಣಕೈಗೆ ಬರುತ್ತದೆ. ಮರ ಕಡಿಯಲು ಬೇಡವೇ ಬೇಡ.

ಮಚ್ಚು ಪೂರ್ತಿ ಉಲ್ಟಾ. ಬೆನ್ನು ದಪ್ಪ, ಭಾರವೆಲ್ಲ ಮುಂದಕ್ಕೆ. ಎತ್ತಿ ಬಿಟ್ಟರೆ ಸಾಕು, ತನ್ನ ತೂಕಕ್ಕೇ ಇಳಿಯುತ್ತದೆ. ಕೊರಡಿನ ಮೇಲಿಟ್ಟು ಸೌದೆ ತುಂಡು ಮಾಡಲು ಇದೇ ಸರಿ. ಮರ ಹತ್ತಿ ಒಂದೇ ಕೈಲಿ ಬೀಸಲು ಮಾತ್ರ ಭಾರ ಜಾಸ್ತಿ.

ಕತ್ತಿಯ ಲಾಭವೆಲ್ಲ ಆ ಬಾಗಿದ ಮೂತಿಯಲ್ಲಿದೆ. ಕೊಂಬೆ ಅಲಗಿನಿಂದ ಜಾರುವುದಿಲ್ಲ. ದೂರದ ರೆಂಬೆಯನ್ನು ಎಳೆದುಕೊಂಡು ಕಡಿಯಬಹುದು. ನೆಲದ ಹತ್ತಿರ ಸವರುವಾಗ ಕಲ್ಲಿಗೆ ಮೊದಲು ತಾಗುವುದು ಕೊಕ್ಕೆಯೇ, ಅಲಗಿನ ಹರಿತವಾದ ಬಾಯಿ ಉಳಿಯುತ್ತದೆ. ಮರ ಹತ್ತುವಾಗ ಸೊಂಟದ ಹಿಂದೆ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ. ಇಷ್ಟು ಅನುಕೂಲ ಉಳಿದೆರಡರಲ್ಲಿ ಎಲ್ಲಿದೆ ಹೇಳಿ?

ಕೊಂಬೆಗೆ ಮೊದಲ ಏಟು ಕೆಳಗಿನಿಂದ ಬೀಳಬೇಕು, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಬೀಳುವ ಕೊಂಬೆ ಬುಡದ ತನಕ ತೊಗಟೆ ಸೀಳಿಕೊಂಡು ಹೋಗುತ್ತದೆ, ಆ ಗಾಯದಲ್ಲಿ ನೀರು ನಿಂತು ಮರ ಕೊಳೆಯುತ್ತದೆ. ಏಟು ಯಾವಾಗಲೂ ಓರೆ. ನೇರ ಹೊಡೆದರೆ ಯಾವ ಕತ್ತಿಯೂ ಕಚ್ಚಿಕೊಂಡು ನಿಲ್ಲುತ್ತದೆ.

ಕೊಳ್ಳುವಾಗ ಹೊಳಪು ನೋಡಬೇಡಿ. ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ್ದು ಅಂಗಡಿಯ ತಗಡಿನಂಥ ಮಾಲಿಗಿಂತ ಎಷ್ಟೋ ಮೇಲು. ಬಾಯಿಯ ಮೇಲೆ ಮೆಲ್ಲಗೆ ಅರ ಎಳೆದು ನೋಡಿ. ಅರ ಸಲೀಸಾಗಿ ಕೊರೆದರೆ ಕಬ್ಬಿಣ ಮೆದು, ಹರಿತ ನಿಲ್ಲುವುದಿಲ್ಲ. ಕಚ್ಚದೆ ಜಾರಿಬಿಟ್ಟರೆ ಹದ, ಅಂದರೆ ಕಾಯಿಸಿ ಕೊಟ್ಟ ಗಡಸುತನ, ಮೀರಿದೆ, ಮರದ ಗಂಟಿಗೆ ಬಿದ್ದಾಗ ಚಕ್ಕೆ ಏಳುತ್ತದೆ. ಸ್ವಲ್ಪ ಕಷ್ಟಪಟ್ಟು ಕಚ್ಚಬೇಕು. ಅಂಥದ್ದು ಸಿಕ್ಕಿದರೆ ಬಿಡಬೇಡಿ.

ಸಾಣೆಗೆ ಕರೆಂಟಿನ ಗ್ರೈಂಡರ್ ಹಿಡಿಯುವವರು ಈಗ ಜಾಸ್ತಿ. ಬಾಯಿ ಬಿಸಿಯಾಗಿ ನೀಲಿ ತಿರುಗಿತೋ, ಅಷ್ಟು ಜಾಗದ ಹದ ಹೋಯಿತು. ಅರದಲ್ಲಿ ತಿದ್ದಿ, ಕಲ್ಲಿಗೆ ನೀರು ಹಾಕಿ ಮಸೆಯಿರಿ. ಮಚ್ಚಿಗೆ ಬಾಯಿ ಕೊಂಚ ದಪ್ಪ ಇರಲಿ, ಕತ್ತಿಗೆ ತೆಳು.