ಹಾರ್ಡ್ ಡಿಸ್ಕ್ ಜಾಗಕ್ಕೆ ದೊಡ್ಡ ಬ್ಯಾಟರಿ: ಡೆಲ್ ಎಕ್ಸ್‌ಪಿಎಸ್ 15 (9570), ಮೂರು ಮಳೆಗಾಲದ ಬಳಕೆಯ ನಂತರ

ಈ ಲ್ಯಾಪ್‌ಟಾಪ್ 2018ರದ್ದು. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್ ಅಥವಾ ರೀಫರ್ಬಿಶ್ಡ್. ಹಾಗಿದ್ದೂ ಇದರ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ಹಾಸನ, ಚಿಕ್ಕಮಗಳೂರು ಕಡೆ ಎಸ್ಟೇಟ್ ಲೆಕ್ಕ, ಫೋಟೋ, ವಿಡಿಯೋ ಕೆಲಸಕ್ಕೆ ಇದನ್ನು ಹುಡುಕುವವರು ಇನ್ನೂ ಇದ್ದಾರೆ. ಕೊಳ್ಳುವಾಗ ಅವರು ಪ್ರೊಸೆಸರ್, ರ‍್ಯಾಮ್ ಕೇಳುತ್ತಾರೆ, ಒಳಗೆ ಯಾವ ಬ್ಯಾಟರಿ ಇದೆ ಅಂತ ಕೇಳುವುದಿಲ್ಲ. ಈ ಮಾಡೆಲ್‌ನಲ್ಲಿ ಮೊದಲು ಕೇಳಬೇಕಾದದ್ದೇ ಅದು.

ಇದು ಎರಡು ಬಗೆಯಲ್ಲಿ ಬಂದಿದೆ. ಒಂದರಲ್ಲಿ 56 ವಾಟ್ ಅವರ್‌ನ (ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವ ಅಳತೆ) ಮೂರು ಸೆಲ್ ಬ್ಯಾಟರಿ, ಅದರ ಪಕ್ಕದಲ್ಲಿ 2.5 ಇಂಚಿನ ಹಾರ್ಡ್ ಡಿಸ್ಕ್ ಕೂರುವ ಜಾಗ. ಇನ್ನೊಂದರಲ್ಲಿ 97 ವಾಟ್ ಅವರ್‌ನ ಆರು ಸೆಲ್ ಬ್ಯಾಟರಿ ಆ ಜಾಗವನ್ನೂ ನುಂಗಿಕೊಂಡಿರುತ್ತದೆ. ಎರಡೂ ಬೇಕು ಅಂದರೆ ಆಗುವುದಿಲ್ಲ. ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ಕೂರುವ ಎಂ.2 ಸ್ಲಾಟ್ ಮಾತ್ರ ಎರಡರಲ್ಲೂ ಒಂದೊಂದು ಇದೆ. ಅದು 2280 ಅಳತೆಯದು (22 ಮಿ.ಮೀ. ಅಗಲ, 80 ಮಿ.ಮೀ. ಉದ್ದ), ಪಿಸಿಐಇ ಅನ್ನುವ ವೇಗದ ಸಂಪರ್ಕದ ಮೂರನೇ ತಲೆಮಾರಿನದು. ಹಿಂದಿನ 9560 ಕೂಡ ಇದೇ ವಿನ್ಯಾಸದ್ದು. ಆದರೆ ಅದರ ಏಳನೇ ತಲೆಮಾರಿನ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇವೆರಡರಲ್ಲಿ ಆರಿಸುವುದಾದರೆ 9570 ತಗೊಳ್ಳಿ. 2020ರ 9500ರಲ್ಲಿ 2.5 ಇಂಚಿನ ಜಾಗವನ್ನೇ ತೆಗೆದು ಎರಡು ಎಂ.2 ಸ್ಲಾಟ್ ಕೊಟ್ಟಿದ್ದಾರೆ. ಅದು ಕೈಗೆಟುಕಿದರೆ ಈ ತಲೆನೋವೇ ಇಲ್ಲ.

ಇಲ್ಲಿ ಬರೆದಿರುವುದು 56ರಿಂದ 97ಕ್ಕೆ ಬದಲಿಸಿ, ಹಾರ್ಡ್ ಡಿಸ್ಕ್ ಹೊರಗೆ ಹಾಕಿ, ಎಂ.2 ಸ್ಲಾಟಿನ 2 ಟಿಬಿಯ ಒಂದೇ ಎನ್‌ವಿಎಂಇ (ಪಿಸಿಐಇ ಮೂಲಕ ಓಡುವ) ಎಸ್‌ಎಸ್‌ಡಿಯಲ್ಲಿ ಎಲ್ಲ ಕೆಲಸ ಮಾಡಿದ ಮೇಲಿನ ಮಾತು.

ಲೆಕ್ಕ ಸುಲಭ. ಫುಲ್ ಎಚ್‌ಡಿ ಪರದೆಯ ಮಾಡೆಲ್‌ನಲ್ಲಿ ಬೆಳಕು ಅರ್ಧಕ್ಕಿಟ್ಟು ಎಕ್ಸೆಲ್, ಬ್ರೌಸರ್ ಓಡಿಸಿದರೆ ಸುಮಾರು 9 ವಾಟ್ ಎಳೆಯುತ್ತದೆ. ಹೊಸ 56ರ ಬ್ಯಾಟರಿಗೆ ಅದು ಆರು ಗಂಟೆ ಚಿಲ್ಲರೆ, 97ಕ್ಕೆ ಹತ್ತೂವರೆಗಿಂತ ಸ್ವಲ್ಪ ಜಾಸ್ತಿ. 4ಕೆ ಪರದೆಯಾದರೆ ಪರದೆಯೇ ಕೆಲವು ವಾಟ್ ಹೆಚ್ಚು ತಿನ್ನುತ್ತದೆ, ಆಗ ಎರಡೂ ಲೆಕ್ಕ ಕೆಳಗಿಳಿಯುತ್ತವೆ. ತಿರುಗುತ್ತಿರುವ ಹಾರ್ಡ್ ಡಿಸ್ಕ್ ಸುಮ್ಮನಿದ್ದಾಗ ಅರ್ಧದಿಂದ ಒಂದು ವಾಟ್, ಓದುವಾಗ ಬರೆಯುವಾಗ ಎರಡರ ಹತ್ತಿರ ತಗೊಳ್ಳುತ್ತದೆ. ಅದನ್ನು ತೆಗೆದರೆ ಆ ಉಳಿತಾಯವೂ ಸೇರಿತು. ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೆಸ್ಕಾಂನವರು ಬಂದು ಸರಿ ಮಾಡುವಷ್ಟರಲ್ಲಿ ದಿನ ಕಳೆಯಬಹುದು. ಅಂಥ ದಿನ ಆರು ಗಂಟೆಗೂ ಹತ್ತು ಗಂಟೆಗೂ ಇರುವ ಅಂತರ ಅಂದರೆ ಮಧ್ಯಾಹ್ನವೇ ಲ್ಯಾಪ್‌ಟಾಪ್ ಮುಚ್ಚುವುದೋ, ಸಂಜೆ ಬಟವಾಡೆ ಲೆಕ್ಕ ಮುಗಿಸಿ ಮುಚ್ಚುವುದೋ ಅನ್ನುವುದು.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅನ್ನುವವರಿಗೆ: 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಅಂದರೆ ಲೆಕ್ಕದಲ್ಲಿ 1800 ವಾಟ್ ಅವರ್. 97ರ ಬ್ಯಾಟರಿ ಒಮ್ಮೆ ಪೂರ್ತಿ ತುಂಬಲು ನಷ್ಟವೂ ಸೇರಿ 130ರ ಆಸುಪಾಸು ಬೇಕು. ಇನ್ವರ್ಟರ್‌ಗೆ ಅದು ದೊಡ್ಡ ಹೊರೆಯಲ್ಲ. ಇಡೀ ದಿನ ಪ್ಲಗ್ ಹಾಕಿಕೊಂಡೇ, ಮೇಜಿನಿಂದ ಏಳದೆ ಕೆಲಸ ಮಾಡುವವರಿಗೆ 56ರ ಬ್ಯಾಟರಿಯೇ ಸಾಕು. ಅಂಥವರು ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗಕ್ಕೆ 7 ಮಿ.ಮೀ. ದಪ್ಪದ ಸಾಟಾ (ಹಾರ್ಡ್ ಡಿಸ್ಕಿನದೇ ಬಗೆಯ ಹಳೇ ಸಂಪರ್ಕ) ಎಸ್‌ಎಸ್‌ಡಿ ಹಾಕಿಕೊಳ್ಳಲಿ. ಸೆಕೆಂಡಿಗೆ 550 ಎಂಬಿ ಹತ್ತಿರದ ವೇಗ ಸಿಗುತ್ತದೆ. ಫೋಟೋ ಕೂಡಿಡಲು ಇನ್ನೇನು ಬೇಕು? ಆದರೆ ತಿರುಗುವ ಡಿಸ್ಕನ್ನು ಒಳಗಿಟ್ಟುಕೊಂಡು ಜೀಪಿನಲ್ಲಿ ತೋಟದ ರಸ್ತೆಗೆ ಇಳಿಯಬೇಡಿ. ಲ್ಯಾಪ್‌ಟಾಪ್ ಚಾಲೂ ಇದ್ದಾಗ ಒಂದು ಗುಂಡಿ ಜೋರಾಗಿ ಎತ್ತಿಹಾಕಿದರೆ ಡೇಟಾ ಓದುವ ಹೆಡ್ ಹೋಗಿ ತಿರುಗುವ ತಟ್ಟೆಗೆ ತಾಗಬಹುದು. ಆಮೇಲೆ ಡೇಟಾ ವಾಪಸ್ ತರಿಸುವ ಖರ್ಚಿನಲ್ಲಿ ಎರಡು ಎಸ್‌ಎಸ್‌ಡಿ ಬರುತ್ತವೆ.

ಎಸ್‌ಎಸ್‌ಡಿ ಆಯ್ಕೆ. ಸ್ಲಾಟ್ ಮೂರನೇ ತಲೆಮಾರಿನದಾದ್ದರಿಂದ ಸೆಕೆಂಡಿಗೆ 3500 ಎಂಬಿ ಹತ್ತಿರವೇ ಮಿತಿ. ನಾಲ್ಕನೇ ತಲೆಮಾರಿನದು ಹಾಕಿದರೂ ಓಡುತ್ತದೆ, ಆದರೆ ಇದೇ ವೇಗದಲ್ಲಿ. 7000 ಅಂತ ಡಬ್ಬದ ಮೇಲೆ ಬರೆದದ್ದಕ್ಕೆ ಇಲ್ಲಿ ದುಡ್ಡು ಕೊಟ್ಟರೆ ನಷ್ಟ, ಅದರಲ್ಲಿ ಕೆಲವು ಶಾಖವನ್ನೂ ಹೆಚ್ಚು ಉಗುಳುತ್ತವೆ. ನೋಡಬೇಕಾದದ್ದು ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಅನ್ನುವುದು (ಚಿಪ್‌ನ ಒಂದು ಕೋಶದಲ್ಲಿ ಮೂರು ಬಿಟ್ ಇಡುವುದು ಟಿಎಲ್‌ಸಿ, ನಾಲ್ಕು ಇಡುವುದು ಕ್ಯೂಎಲ್‌ಸಿ). ಒಂದೇ ಸಲಕ್ಕೆ ನೂರಾರು ಜಿಬಿ ವಿಡಿಯೋ ಸುರಿದರೆ ಕ್ಯೂಎಲ್‌ಸಿಯ ಕ್ಯಾಶ್ (ಬೇಗ ಬರೆಯಲು ಇಟ್ಟ ತಾತ್ಕಾಲಿಕ ಜಾಗ) ತುಂಬಿ ವೇಗ ಸಾಟಾಗಿಂತ ಕೆಳಗೆ, ಕೆಲವೊಮ್ಮೆ ಹಾರ್ಡ್ ಡಿಸ್ಕ್ ಮಟ್ಟಕ್ಕೂ ಕುಸಿಯುತ್ತದೆ. ಡ್ರೈವ್ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಇನ್ನೂ ಬೇಗ. ಬರೀ ಲೆಕ್ಕಪತ್ರಕ್ಕೆ ಕ್ಯೂಎಲ್‌ಸಿ ತೊಂದರೆಯಿಲ್ಲ. ಚಿಪ್‌ಗಳು ಒಂದೇ ಬದಿಗಿರುವ ಡ್ರೈವ್ ತಗೊಂಡರೆ ಕೆಳಗೆ ಗಾಳಿಯಾಡಲು ಸ್ವಲ್ಪ ಜಾಗ ಉಳಿಯುತ್ತದೆ. ಇನ್ನೊಂದು ವಿಷಯ, 1 ಟಿಬಿ ಅಂತ ಕೊಂಡದ್ದನ್ನು ವಿಂಡೋಸ್ 931 ಜಿಬಿ ಅಂತ ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದ್ದಲ್ಲ, ಎಣಿಸುವ ರೀತಿ ಬೇರೆ.

ಬದಲಿಸುವ ಕೆಲಸ ಒಂದು ಗಂಟೆಯದ್ದು. ಬಿಚ್ಚುವ ಮೊದಲು ಬಿಟ್‌ಲಾಕರ್ (ವಿಂಡೋಸ್ ಡ್ರೈವಿಗೆ ಹಾಕುವ ಬೀಗ) ನಿಲ್ಲಿಸಿ, 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಟರಿಯನ್ನು 25%ಗಿಂತ ಕೆಳಗಿಳಿಸಿ, ಪೂರ್ತಿ ಶಟ್‌ಡೌನ್ ಮಾಡಿ. ತಳದಲ್ಲಿ ಸುತ್ತಲೂ 10 ಟಾರ್ಕ್ಸ್ ಟಿ5 (ಆರು ಮೂಲೆಯ ತಲೆಯ) ಸ್ಕ್ರೂ, ನಡುವಿನ ಎಕ್ಸ್‌ಪಿಎಸ್ ಎಂದು ಬರೆದ ಮುಚ್ಚಳದ ಕೆಳಗೆ ಎರಡು ಸಾಮಾನ್ಯ ಪ್ಲಸ್ ತಲೆಯವು. ಈ ಎರಡನ್ನು ಮರೆತು ತಳ ಎಬ್ಬಿಸಿದವರು ಕ್ಲಿಪ್ ಮುರಿದುಕೊಳ್ಳುತ್ತಾರೆ. ಟಿ5 ಇಲ್ಲ ಅಂತ ಚಪ್ಪಟೆ ಸ್ಕ್ರೂಡ್ರೈವರ್ ತುರುಕಿದರೆ ತಲೆ ಸವೆದು ಡ್ರಿಲ್ ಮಾಡಿಸುವ ಪಾಡು ಬರುತ್ತದೆ. ಬಿಟ್ ಸೆಟ್ ಕೊಂಡೇ ಕೂರಿ.

ತಳ ತೆಗೆದೊಡನೆ ಮೊದಲು ಬ್ಯಾಟರಿ ಪ್ಲಗ್. ವೈರ್ ಹಿಡಿದು ಎಳೆಯಬಾರದು, ಉಗುರಿನಿಂದ ಕನೆಕ್ಟರನ್ನೇ ಬಿಡಿಸಬೇಕು. ಆಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜ್ ಹೋಗುತ್ತದೆ. ಹಾರ್ಡ್ ಡಿಸ್ಕನ್ನು ಅದರ ತೊಟ್ಟಿಲಿನ ಸಮೇತ ತೆಗೆಯಿರಿ. ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ಕೇಬಲ್ಲನ್ನೂ ಕಳಚಬೇಕು, ಬಿಟ್ಟರೆ ದೊಡ್ಡ ಬ್ಯಾಟರಿ ಅದರ ಮೇಲೆ ಕೂತು ಒತ್ತುತ್ತದೆ. ತೊಟ್ಟಿಲಿನ ಸ್ಕ್ರೂಗಳನ್ನು ಎಸೆಯಬೇಡಿ, ದೊಡ್ಡ ಬ್ಯಾಟರಿಗೆ ಹೆಚ್ಚು ಸ್ಕ್ರೂ ಬೇಕು, ಹೊಸ ಬ್ಯಾಟರಿ ಜೊತೆ ಸಾಮಾನ್ಯವಾಗಿ ಕೊಡುವುದಿಲ್ಲ. ಎಲ್ಲ ಜೋಡಿಸಿದ ಮೇಲೆ ಪವರ್ ಬಟನ್ ಒತ್ತಿದರೆ ಏನೂ ಆಗದಿದ್ದರೆ ಹೆದರಬೇಡಿ. ಹೊಸ ಬ್ಯಾಟರಿ ಸಾಗಾಣಿಕೆಗಾಗಿ ನಿದ್ರೆಯಲ್ಲಿರುತ್ತದೆ. ಚಾರ್ಜರ್ ಚುಚ್ಚಿದರೆ ಏಳುತ್ತದೆ.

ಸಾಫ್ಟ್‌ವೇರ್ ಕಡೆ ಎಡವುವುದು ಎರಡು ಕಡೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಡ್ರೈವ್ ನಡೆಸುವ ಬಗೆ ಆರಿಸುವ ಸಾಟಾ ಆಪರೇಷನ್ ಮೊದಲಿನಿಂದ ರೇಡ್ ಆನ್ ಆಗಿರುತ್ತದೆ. ಹಾಗೇ ಬಿಟ್ಟು ಹೊಸದಾಗಿ ವಿಂಡೋಸ್ ಹಾಕಲು ಹೋದರೆ ಇನ್‌ಸ್ಟಾಲರ್‌ಗೆ ಡ್ರೈವೇ ಕಾಣದಿರಬಹುದು. ಲ್ಯಾಪ್‌ಟಾಪ್ ಶುರುವಾಗುವಾಗ ಎಫ್2 ಒತ್ತಿ ಒಳಹೋಗಿ ಎಎಚ್‌ಸಿಐಗೆ ಬದಲಿಸಿ. ಹಳೇ ವಿಂಡೋಸನ್ನೇ ಕ್ಲೋನ್ ಮಾಡಿದ್ದರೆ (ಇದ್ದ ಹಾಗೇ ನಕಲಿಸಿದ್ದರೆ) ಹೀಗೆ ಸೀದಾ ಬದಲಿಸಬೇಡಿ, ನೀಲಿ ಪರದೆ ಬರುತ್ತದೆ. ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್‌ನಲ್ಲಿ ಬಯಾಸ್ ಬದಲಿಸಿ, ಸೇಫ್ ಮೋಡ್‌ಗೆ ಒಮ್ಮೆ ಬಂದು, ಟಿಕ್ ತೆಗೆದು ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ. ಎರಡನೆಯದು, ಹಾರ್ಡ್ ಡಿಸ್ಕ್ ಒಳಗಿರುವಾಗಲೇ ಎಸ್‌ಎಸ್‌ಡಿಗೆ ಹೊಸ ವಿಂಡೋಸ್ ಹಾಕುವುದು. ವಿಂಡೋಸ್ ಶುರುಮಾಡುವ ಬೂಟ್ ಪಾರ್ಟಿಷನ್ ಹೋಗಿ ಹಳೇ ಡಿಸ್ಕಿನಲ್ಲೇ ಕೂತುಬಿಡಬಹುದು, ಹಾಗಾದರೆ ಮುಂದೆ ಅದನ್ನು ತೆಗೆದ ದಿನ ಲ್ಯಾಪ್‌ಟಾಪ್ ಬೂಟ್ ಆಗುವುದಿಲ್ಲ. ಕ್ಲೋನ್‌ಗೆ ಕ್ಲೋನೆಜಿಲ್ಲಾ ಪುಕ್ಕಟೆ ಸಿಗುತ್ತದೆ.

ಇನ್ನು ಬ್ಯಾಟರಿ. ಇಡೀ ಕೆಲಸದಲ್ಲಿ ದುಡ್ಡು ಹಾಳಾಗುವ ಜಾಗ ಇದೇ. ಲೇಬಲ್ ಮೇಲೆ 11.4 ವೋಲ್ಟ್, 97 ವಾಟ್ ಅವರ್ ಅಂತ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಮೊದಲ ಪರೀಕ್ಷೆಗೆ ದಿನಸಿ ಅಂಗಡಿಯ ತಕ್ಕಡಿ ಸಾಕು. ಈ ಬಗೆಯ ಸೆಲ್‌ಗಳಲ್ಲಿ 300 ಗ್ರಾಂ ತೂಕಕ್ಕೆ 97 ವಾಟ್ ಅವರ್ ತುಂಬಲು ಸಾಧ್ಯವೇ ಇಲ್ಲ. ಅಷ್ಟು ಹಗುರವಿದ್ದರೆ ವಾಪಸ್ ಕಳಿಸಿ. ಎರಡನೆಯದು ವಿಂಡೋಸ್‌ನ ಬ್ಯಾಟರಿ ರಿಪೋರ್ಟ್. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಆದೇಶ (powercfg /batteryreport) ಕೊಟ್ಟರೆ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡೂ ಮಿಲಿವಾಟ್ ಅವರ್‌ನಲ್ಲಿ ಬರುತ್ತವೆ. ಮೊದಲನೆಯದು 97,000, ಎರಡನೆಯದು 77,600 ಇದ್ದರೆ ಉಳಿದಿರುವುದು 80%. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನು ಮಾರುವವನ ಎದುರಿಗೇ ತೆಗೆಸಿ. ಆದರೆ ಈ ಅಂಕಿಯನ್ನು ಹೇಳುವುದು ಬ್ಯಾಟರಿಯೊಳಗಿನ ಚಿಪ್. ನಕಲಿ ಬ್ಯಾಟರಿಯ ಚಿಪ್ ಸುಳ್ಳನ್ನೂ ಹೇಳುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆ ಗಡಿಯಾರದ್ದು. ಪೂರ್ತಿ ಚಾರ್ಜ್ ಮಾಡಿ, ಎಚ್‌ಡಬ್ಲ್ಯುಇನ್ಫೋ ಅನ್ನುವ ತಂತ್ರಾಂಶದಲ್ಲಿ ಎಷ್ಟು ವಾಟ್ ಹೋಗುತ್ತಿದೆ ನೋಡುತ್ತ ಒಂದೇ ಕೆಲಸ ಓಡಿಸಿ. 9 ವಾಟ್‌ನಲ್ಲಿ ಆರು ಗಂಟೆಗೆ ಕಣ್ಣು ಮುಚ್ಚಿದರೆ ನಿಮ್ಮ ಕೈಯಲ್ಲಿರುವುದು 54 ವಾಟ್ ಅವರ್. 30% ತೋರಿಸುತ್ತಿದ್ದು ಇದ್ದಕ್ಕಿದ್ದಂತೆ ಆಫ್ ಆದರೂ ಅದೇ ಅರ್ಥ.

ಬಂದ ಬ್ಯಾಟರಿ ಒಳ್ಳೆಯದಾದರೆ ಕಾಪಾಡುವುದು ಕಷ್ಟವಲ್ಲ. ಬಯಾಸ್‌ನ ಬ್ಯಾಟರಿ ಚಾರ್ಜ್ ಸೆಟ್ಟಿಂಗ್‌ನಲ್ಲಿ ಕಸ್ಟಮ್ ಆರಿಸಿ 50ರಿಂದ 80 ಇಡಿ. ಮಳೆಗಾಲ ಶುರುವಾದರೆ ಮಾತ್ರ ಸ್ಟ್ಯಾಂಡರ್ಡ್‌ಗೆ ತಂದು 100 ತುಂಬಿಸಿಕೊಳ್ಳಿ. ಮುಚ್ಚಳ ಮುಚ್ಚಿದರೆ ಸ್ಲೀಪ್ ಬದಲು ಹೈಬರ್ನೇಟ್ ಆಗಲಿ. ಸ್ಲೀಪ್‌ನಲ್ಲಿಟ್ಟು ಬ್ಯಾಗಿಗೆ ಹಾಕಿದರೆ ಒಳಗೇ ಎಚ್ಚರವಾಗಿ ಬಿಸಿಯಾಗಿ, ಚಾರ್ಜೂ ಖಾಲಿಯಾಗಿರುತ್ತದೆ. ನಮ್ಮ ಕಡೆ ಇನ್ನೊಂದು ಅಭ್ಯಾಸವಿದೆ, ಥಂಡಿ ಹಿಡಿಯಬಾರದು ಅಂತ ಎಲೆಕ್ಟ್ರಾನಿಕ್ ಸಾಮಾನನ್ನು ಒಲೆ ಮೇಲಿನ ಅಟ್ಟದಲ್ಲಿಡುವುದು. ರೇಡಿಯೋಗೆ ಅದು ನಡೆಯುತ್ತಿತ್ತೇನೋ. ಲಿಥಿಯಂ ಬ್ಯಾಟರಿಗೆ ಥಂಡಿಗಿಂತ ಶಾಖವೇ ದೊಡ್ಡ ಶತ್ರು. ತುಂಬಿದ ಬ್ಯಾಟರಿ, ಮೇಲಿಂದ ಶಾಖ, ಎರಡೂ ಸೇರಿದರೆ ಒಳಗೆ ಅನಿಲ ಹುಟ್ಟಿ ಉಬ್ಬುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಥಂಡಿಯೂ ಇಲ್ಲ, ಇರುವೆಯೂ ಇಲ್ಲ.

ಉಬ್ಬಿದ್ದು ಗೊತ್ತಾಗುವುದು ಟಚ್‌ಪ್ಯಾಡ್‌ನಿಂದ. ಬ್ಯಾಟರಿ ಅದರ ಕೆಳಗೇ ಇದೆ. ಮೊದಲು ಕ್ಲಿಕ್ ಗಟ್ಟಿಯಾಗುತ್ತದೆ, ಆಮೇಲೆ ಒಂದು ಅಂಚು ಕೂದಲೆಳೆಯಷ್ಟು ಮೇಲೆದ್ದಿರುತ್ತದೆ, ಸಮತಟ್ಟಾದ ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲುಗಾಡುತ್ತದೆ. ಅಷ್ಟಾದರೆ ಚಾರ್ಜರ್ ಕಿತ್ತಿಡಿ. ಒತ್ತಿ ಸರಿಮಾಡುವುದು, ಪಿನ್ ಚುಚ್ಚಿ ಗಾಳಿ ಬಿಡುವುದು ಇವೆಲ್ಲ ಬೆಂಕಿಗೆ ದಾರಿ.

ತೂಕ ಹೆಚ್ಚಾಗುತ್ತದೆ, ಆದರೆ ಹಾರ್ಡ್ ಡಿಸ್ಕ್ ಹೋದ ಸುಮಾರು 100 ಗ್ರಾಂ ಅದರಲ್ಲಿ ವಜಾ. ಎರಡು ಕೆಜಿ ಆಸುಪಾಸು, ಹೆಗಲಿಗೆ ಗೊತ್ತಾಗುತ್ತದೆ. ವಿಮಾನದಲ್ಲಿ ಒಯ್ಯಲು ತೊಂದರೆಯಿಲ್ಲ, ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವಾಟ್ ಅವರ್.

ಕಳಕೊಂಡದ್ದು ಒಂದೇ, ಒಳಗೆ ಎರಡನೇ ಡ್ರೈವ್. ಎಸ್‌ಎಸ್‌ಡಿ ಸತ್ತರೆ ಹಾರ್ಡ್ ಡಿಸ್ಕಿನ ಹಾಗೆ ಕರಕರ ಸದ್ದು ಮಾಡಿ ಮುನ್ಸೂಚನೆ ಕೊಡುವುದಿಲ್ಲ, ಒಂದು ಬೆಳಗ್ಗೆ ಕಾಣುವುದೇ ಇಲ್ಲ. ಹಾಗಾಗಿ ತೆಗೆದ 2.5 ಇಂಚಿನ ಡಿಸ್ಕನ್ನು ಮಾರಬೇಡಿ. ಯುಎಸ್‌ಬಿ 3 ಕೇಸ್ ಒಂದಕ್ಕೆ ಹಾಕಿ ಶನಿವಾರಕ್ಕೊಮ್ಮೆ ಬ್ಯಾಕಪ್ ತಗೊಳ್ಳಿ, ಬ್ಯಾಕಪ್ ಮುಗಿದ ಮೇಲೆ ಕೇಬಲ್ ಕಿತ್ತು ಬೇರೆ ಕೋಣೆಯಲ್ಲಿಡಿ. ಸಿಡಿಲು ಹೊಡೆದಾಗ ಒಂದೇ ಪ್ಲಗ್‌ಪಾಯಿಂಟ್‌ಗೆ ಎರಡೂ ಸಿಕ್ಕಿಕೊಂಡಿರಬಾರದು.