ಇ-ಎಫ್‌ಪಿ ಬ್ರೌಸರ್: ಒಳ್ಳೆಯ ಸೈಟ್, ಆದರೆ ಕೆಂಪು ಕಂಡ ತಕ್ಷಣ ನಂಬಬೇಡಿ

ಗಿಡಗಳ ಜೀನ್ ಮೇಲೆ ಪ್ರಾಜೆಕ್ಟ್ ಶುರು ಮಾಡಿದವರು ಮೊದಲು ತೆರೆಯಬೇಕಾದ ಸೈಟ್ ಇದು. ಟೊರಾಂಟೊ ವಿಶ್ವವಿದ್ಯಾಲಯದ ನಿಕೋಲಸ್ ಪ್ರೊವಾರ್ಟ್ ಅವರ ಲ್ಯಾಬ್ ಮಾಡಿದ್ದು, 2007ರಲ್ಲಿ ಬಂತು. ದುಡ್ಡು ಕೇಳುವುದಿಲ್ಲ. ಅರಾಬಿಡಾಪ್ಸಿಸ್ ಅಂದರೆ ಸಾಸಿವೆ ಕುಟುಂಬದ ಪುಟ್ಟ ಗಿಡ ಗೊತ್ತಲ್ವಾ, ಅದರ ಜೀನ್ ನಂಬರ್ ಹಾಕಿದರೆ ಗಿಡದ ಚಿತ್ರವೇ ಎದುರಿಗೆ ಬರುತ್ತದೆ, ಜೀನ್ ಜೋರಾಗಿ ಕೆಲಸ ಮಾಡುವ ಕಡೆ ಕೆಂಪು, ಸುಮ್ಮನಿರುವ ಕಡೆ ಹಳದಿ.

ನಾನು ಜಾಸ್ತಿ ನೋಡಿದ್ದು ಪಿ5ಸಿಎಸ್1 ಅನ್ನುವ ಜೀನ್, ನಂಬರ್ ಎಟಿ2ಜಿ39800. ಗ್ಲುಟಮೇಟ್‌ನಿಂದ ಪ್ರೋಲಿನ್ ಅನ್ನುವ ಅಮೈನೋ ಆಮ್ಲ ಮಾಡುವ ದಾರಿಯ ಮೊದಲ ಕಿಣ್ವದ ಜೀನ್ ಇದು. ನೀರಿಗೆ ಕಷ್ಟ ಬಂದಾಗ, ಉಪ್ಪು ಹೆಚ್ಚಾದಾಗ ಗಿಡ ಪ್ರೋಲಿನ್ ಕೂಡಿಡುತ್ತದೆ. ಅದು ಜೀವಕೋಶದಲ್ಲಿ ನೀರು ಹಿಡಿದಿಡುತ್ತದೆ, ಪ್ರೋಟೀನ್ ಕೆಡದಂತೆ ಕಾಯುತ್ತದೆ. ಇದೇ ಕಿಣ್ವದ ಜೀನನ್ನು 1992ರಲ್ಲಿ ನಮ್ಮ ಮಡಕಿ ಕಾಳಿನ ಗಿಡದಿಂದಲೂ ತೆಗೆದಿದ್ದರು, 1995ರಲ್ಲಿ ಅದನ್ನು ತಂಬಾಕಿಗೆ ಸೇರಿಸಿದಾಗ ಪ್ರೋಲಿನ್ 10ರಿಂದ 18 ಪಟ್ಟು ಏರಿತ್ತು. ಉಸಳಿ ಮಾಡುವ ಕಾಳು ಇಷ್ಟು ದೂರ ಹೋಗಿದೆ ಅಂತ ಓದಿದ ದಿನ ನನಗೆ ಬಹಳ ಖುಷಿಯಾಗಿತ್ತು.

ಸ್ಟ್ರೆಸ್ ಭಾಗ, ಅಂದರೆ ಗಿಡಕ್ಕೆ ಕಷ್ಟ ಕೊಟ್ಟು ಮಾಡಿದ ಪ್ರಯೋಗಗಳ ಪುಟ ತೆರೆದರೆ ಸಾಲು ಸಾಲು ಸಸಿಗಳು, ಎಲೆ ಬೇರೆ, ಬೇರು ಬೇರೆ. ಅರ್ಧ ಗಂಟೆಯಿಂದ 24 ಗಂಟೆವರೆಗೆ ಏನಾಯಿತು ಅಂತ ಕಾಣುತ್ತದೆ. ಉಪ್ಪು ಮತ್ತು ಮ್ಯಾನಿಟಾಲ್ (ಗಿಡಕ್ಕೆ ನೀರು ಎಳೆಯಲು ಕಷ್ಟ ಮಾಡುವ ಸಕ್ಕರೆಯಂಥ ವಸ್ತು) ಸಾಲಿನಲ್ಲಿ ಪಿ5ಸಿಎಸ್1 ಕೆಂಪಾಗುತ್ತಾ ಹೋಗುವುದನ್ನು ನೋಡಿದರೆ, ಪಾಠದಲ್ಲಿ ಓದಿದ್ದು ಕಣ್ಣಿಗೆ ಕಟ್ಟುತ್ತದೆ.

ಈಗ ಎಚ್ಚರಿಕೆ. ಬಣ್ಣದ ಅಳತೆ ಪ್ರತಿ ಜೀನಿಗೂ ಬೇರೆ. ನೀವು ಹಾಕಿದ ಜೀನಿನ ಅತಿ ಹೆಚ್ಚಿನ ಮಟ್ಟವೇ ಕೆಂಪು, ಹಾಗಾಗಿ ಚೂರುಪಾರು ಮಾತ್ರ ಕೆಲಸ ಮಾಡುವ ಜೀನ್ ಕೂಡ ಎಲ್ಲೋ ಒಂದು ಕಡೆ ಕೆಂಪಾಗಿ ಕಾಣುತ್ತದೆ. ಪಕ್ಕದ ಪಟ್ಟಿಯಲ್ಲಿರುವ ಅಂಕಿ ಓದದೆ ಎರಡು ಜೀನ್‌ಗಳ ಚಿತ್ರ ಹೋಲಿಸಬೇಡಿ. ನಾನೂ ಶುರುವಿನಲ್ಲಿ ಹಾಗೆ ಹೋಲಿಸಿ ಒಂದು ವಾರ ತಪ್ಪು ಜೀನಿನ ಹಿಂದೆ ಬಿದ್ದಿದ್ದೆ.

ಇನ್ನೊಂದು, ಇದಕ್ಕಿಂತ ದೊಡ್ಡದು. 'ಬರ' ಅಂತ ತೋರಿಸುವ ಸಾಲು ನಮ್ಮ ಹೊಲದ ಬರ ಅಲ್ಲ. ಆ ಪ್ರಯೋಗದಲ್ಲಿ ಸಸಿಗಳಿಗೆ 15 ನಿಮಿಷ ಒಣ ಗಾಳಿ ಬಿಟ್ಟು, ತೂಕ ಶೇ 10ರಷ್ಟು ಇಳಿದ ಮೇಲೆ ಮತ್ತೆ ಮುಚ್ಚಿದ ಪಾತ್ರೆಯಲ್ಲಿ ಇಟ್ಟಿದ್ದರು. ಅಲ್ಲಿ ಉಪ್ಪಿನಷ್ಟು ಕೆಂಪು ಕಾಣಲಿಲ್ಲ ಅಂತ ಈ ಜೀನಿಗೂ ಬರಕ್ಕೂ ಸಂಬಂಧವಿಲ್ಲ ಅನ್ನುವ ಹಾಗಿಲ್ಲ. ವಾರಗಟ್ಟಲೆ ಮಣ್ಣು ಒಣಗಿ ಎಲೆ ಜೋತುಬೀಳುವ ಕಥೆಯೇ ಬೇರೆ.

ಜೊತೆಗೆ, ಕೆಂಪು ತೋರಿಸುವುದು ಜೀನಿನ ನಕಲಾದ ಆರ್‌ಎನ್‌ಎ ಮಟ್ಟವನ್ನು ಮಾತ್ರ. ಪ್ರೋಲಿನ್ ತುಂಬಿದಾಗ ಅದೇ ಈ ಕಿಣ್ವವನ್ನು ತಡೆಯುತ್ತದೆ, ಅದು ಚಿತ್ರದಲ್ಲಿ ಬರುವುದಿಲ್ಲ. ಪ್ರೋಲಿನ್ ನಿಜವಾಗಿ ಎಷ್ಟಿದೆ ಅಂತ ತಿಳಿಯಲು ಎಲೆ ಅರೆದು, ಅದರ ಜೊತೆ ಬಣ್ಣ ಕೊಡುವ ನಿನ್‌ಹೈಡ್ರಿನ್ ಹಾಕಿ, ಕುದಿಸಿ, ಟೊಲ್ಯೂಯೀನ್ ಅನ್ನುವ ದ್ರಾವಕದ ಪದರ ಕೆಂಪಾಗುವುದನ್ನು ನೀವೇ ಅಳೆಯಬೇಕು.

ಪುಟದ ವಿನ್ಯಾಸ ಹಳೆಯದು, ಮೊಬೈಲಿನಲ್ಲಿ ಕಷ್ಟ. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮಡಕಿ ಗಿಡಕ್ಕೂ ಇಂಥ ಚಿತ್ರ ಬಂದ ದಿನ ಉಳಿದ ಅರ್ಧ.